ರೆಸಲ್ಯೂಷನ್, ಅಕ್ಯುರಸಿ: ಎರಡಕ್ಕೂ ‘ನಿಖರತೆ’ಯೇ?

ಎಲ್ಲರಿಗೂ ನಮಸ್ಕಾರ.

ರೇಷ್ಮೆ ಹುಳು ಸಾಕುವ ಮನೆಗೆ ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ಮಾಡಿಕೊಳ್ಳುವುದು ಹೇಗೆ ಅಂತ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಆರ್ಡುಯಿನೊ ಬೋರ್ಡು (ಪ್ರೋಗ್ರಾಂ ಹಾಕಿ ನಡೆಸುವ ಪುಟ್ಟ ಸರ್ಕ್ಯೂಟ್), ಬಿಸಿ ಅಳೆಯುವ ಡಿಎಸ್18ಬಿ20 ಎಂಬ ಸೆನ್ಸರ್, 4.7 ಕಿಲೋಓಮ್‌ನ ಒಂದು ರೆಸಿಸ್ಟರ್, ಚಿಕ್ಕ ಡಿಸ್‌ಪ್ಲೇ. ಇಷ್ಟೇ ಸಾಮಾನು. ಓದುವವರು ಪಾಲಿಟೆಕ್ನಿಕ್ ಮಕ್ಕಳು, ಜೊತೆಗೆ ಹುಳು ಸಾಕುವ ಅವರ ಮನೆಯವರು. ಪ್ರೋಗ್ರಾಂ ಬರೆಯುವ ಭಾಗ ಸಲೀಸಾಗಿ ಮುಗಿಯಿತು. ತೊಡಕಾಗಿರುವುದು ಈ ಒಂದು ಸಾಲು:

“ಈ ಸೆನ್ಸರ್‌ನ ರೆಸಲ್ಯೂಷನ್ 0.0625 ಡಿಗ್ರಿ, ಅಕ್ಯುರಸಿ ±0.5 ಡಿಗ್ರಿ.”

ಬರೆಯುವ ಕೈ ಎರಡಕ್ಕೂ ‘ನಿಖರತೆ’ ಅಂತಲೇ ಹಾಕಿಬಿಡುತ್ತದೆ. ಆಗ ಓದಿದವರು “ಈಗಷ್ಟೇ 0.0625 ಅಂದ್ರಿ, ಈಗ ಅರ್ಧ ಡಿಗ್ರಿ ಅಂತೀರಲ್ಲ, ಯಾವುದನ್ನು ನಂಬೋಣ?” ಅಂತ ಕೇಳಿದರೆ ತಪ್ಪು ಅವರದಲ್ಲ.

ಎರಡೂ ಹೇಗೆ ಬೇರೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪದ ಹುಡುಕಲು ಅದು ಬೇಕು. ಈ ಸೆನ್ಸರ್ ಚಿಪ್ ಡಿಗ್ರಿಯನ್ನು ನೇರವಾಗಿ ಕೊಡುವುದಿಲ್ಲ. ಒಂದು ಎಣಿಕೆ ಕೊಡುತ್ತದೆ. 401 ಅಂತ ಬಂತು ಅನ್ನಿ, ಪ್ರೋಗ್ರಾಂನಲ್ಲಿ ಅದನ್ನು 0.0625ರಿಂದ ಗುಣಿಸಿದರೆ 25.0625 ಡಿಗ್ರಿ ಸೆಲ್ಸಿಯಸ್. ಅಂದರೆ ಒಂದು ಡಿಗ್ರಿಯನ್ನು 16 ಪಾಲು ಮಾಡಿ ಎಣಿಸುತ್ತಿದೆ. ಆ ಒಂದು ಪಾಲೇ ರೆಸಲ್ಯೂಷನ್. ಇದು 12 ಬಿಟ್ ಅಳತೆ (ಬಿಟ್ ಹೆಚ್ಚಿದಷ್ಟೂ ಪಾಲು ಸಣ್ಣದು). ಹೀಗೆ ಅಳೆಯಲು 750 ಮಿಲಿಸೆಕೆಂಡ್‌ವರೆಗೂ ಬೇಕು. ಅಷ್ಟು ಕಾಯಲು ಆಗದಿದ್ದರೆ 9 ಬಿಟ್‌ಗೆ ಇಳಿಸಬಹುದು. ಆಗ ಸುಮಾರು 94 ಮಿಲಿಸೆಕೆಂಡ್ ಸಾಕು, ಆದರೆ ಎಣಿಕೆ ಅರ್ಧರ್ಧ ಡಿಗ್ರಿಗೆ ಜಿಗಿಯುತ್ತದೆ. ಇದನ್ನು ಬದಲಿಸುವುದು ಪ್ರೋಗ್ರಾಂ ಬರೆಯುವವರ ಕೈಯಲ್ಲಿದೆ.

ಅಕ್ಯುರಸಿಯ ±0.5 ಹಾಗಲ್ಲ. ಮೈನಸ್ 10ರಿಂದ 85 ಡಿಗ್ರಿವರೆಗೆ ನಮ್ಮ ಚಿಪ್ ನಿಜವಾದ ಬಿಸಿಗಿಂತ ಅರ್ಧ ಡಿಗ್ರಿಯ ಒಳಗೇ ಇರುತ್ತದೆ ಅನ್ನುವುದು ತಯಾರಕರು ಕೊಟ್ಟ ಮಾತು. ಪ್ರೋಗ್ರಾಂನಲ್ಲಿ ಬಿಟ್ ಜಾಸ್ತಿ ಮಾಡಿದರೆ ಅದೇನೂ ಸುಧಾರಿಸುವುದಿಲ್ಲ. ತಕ್ಕಡಿ ಒಂದೊಂದು ಗ್ರಾಂ ಬಿಡಿಬಿಡಿಯಾಗಿ ತೋರಿಸಬಹುದು, ಜೊತೆಗೆ ಎಲ್ಲಕ್ಕೂ ಹತ್ತು ಗ್ರಾಂ ಸೇರಿಸಿಯೂ ತೋರಿಸಬಹುದು, ಅಲ್ವಾ? ಹಾಗೆ.

ಹುಳು ಸಾಕುವವರಿಗೆ ಇದು ಸುಮ್ನೆ ಪದದ ಜಗಳ ಅಲ್ಲ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27-28 ಡಿಗ್ರಿ ಬೇಕು, ಬಲಿತ ಹುಳುವಿಗೆ 24-25. ಡಿಸ್‌ಪ್ಲೇನಲ್ಲಿ 27.06 ಅಂತ ಕಂಡರೆ ಕೋಣೆಯಲ್ಲಿ ನಿಜಕ್ಕೂ ಇರುವುದು 26.6 ಇರಬಹುದು, 27.5 ಇರಬಹುದು. ಪಕ್ಕಪಕ್ಕದಲ್ಲಿಟ್ಟ ಎರಡು ಒಳ್ಳೆಯ ಸೆನ್ಸರ್‌ಗಳು ಒಂದಕ್ಕೊಂದು ಹೆಚ್ಚುಕಡಿಮೆ ಒಂದು ಡಿಗ್ರಿ ಬೇರೆ ಹೇಳಬಹುದು, ಎರಡೂ ಕೆಟ್ಟಿರಬೇಕಾಗಿಲ್ಲ. ‘ನಿಖರತೆ 0.0625’ ಅಂತ ಬರೆದರೆ ಒಂದನ್ನು ಬಿಸಾಡಿಬಿಡುತ್ತಾರೆ.

ಈಗ ಪದಗಳಿಗೆ ಬರುತ್ತೇನೆ. ರೆಸಲ್ಯೂಷನ್‌ಗೆ ‘ಪೃಥಕ್ಕರಣ’ ಅಂತ ಯಾರಾದರೂ ಸೂಚಿಸಬಹುದು. ಬೆಳಕಿನ ಪಾಠಕ್ಕೆ ಅದು ಸರಿ ಇರಬಹುದು, ಹುಳು ಸಾಕುವವರಿಗೆ ಭಾರ. ‘ಸೂಕ್ಷ್ಮತೆ’ ಸೆನ್ಸಿಟಿವಿಟಿಗೆ ಬೇಕು. ‘ಸ್ಪಷ್ಟತೆ’ ಫೋಟೋಗೆ ಆದೀತು. ಕಾಲೇಜಿನಲ್ಲಿ ವರ್ನಿಯರ್ ಅಳತೆಪಟ್ಟಿ ಹಿಡಿದವರೆಲ್ಲ ‘ಲೀಸ್ಟ್ ಕೌಂಟ್’ (ಉಪಕರಣ ಅಳೆಯಬಲ್ಲ ಅತಿ ಸಣ್ಣ ಅಳತೆ) ಅಂತಿದ್ದೆವು, ಅದು ಅರ್ಥಕ್ಕೆ ತೀರಾ ಹತ್ತಿರ. ನನ್ನ ಮನಸ್ಸು ಈಗ ‘ಮೆಟ್ಟಿಲು’ ಕಡೆ ವಾಲಿದೆ. “ಈ ಸೆನ್ಸರ್‌ನ ಮೆಟ್ಟಿಲು 0.0625 ಡಿಗ್ರಿ”, “ಮೆಟ್ಟಿಲು ಚಿಕ್ಕದಾದಷ್ಟು ಕಾಯುವ ಹೊತ್ತು ಜಾಸ್ತಿ”. ಎರಡೂ ವಾಕ್ಯ ಬಾಯಲ್ಲಿ ನಿಲ್ಲುತ್ತವೆ. ‘ಗೀಟು’ ಕೂಡ ನೋಡಿದೆ, ಪಾದರಸದ ಥರ್ಮಾಮೀಟರ್ ನೋಡಿದವರಿಗೆ ತಟ್ಟನೆ ಹೊಳೆಯುತ್ತದೆ. ಆದರೆ ಡಿಜಿಟಲ್‌ನಲ್ಲಿ ಗೀಟು ಎಲ್ಲಿದೆ?

ಅಕ್ಯುರಸಿಗೆ ನಿಖರತೆಯನ್ನೇ ಉಳಿಸಿಕೊಂಡರೂ ಒಂದು ತೊಂದರೆ. ‘ನಿಖರತೆ 0.5’ ಅಂದಾಗ ಅಂಕಿ ದೊಡ್ಡದಾದಷ್ಟು ಒಳ್ಳೆಯದು ಅಂತ ಅನಿಸುತ್ತದೆ, ಇರುವುದು ಉಲ್ಟಾ. ಮಾತಿನಲ್ಲಿ ನಾವು “ಅರ್ಧ ಡಿಗ್ರಿ ಆಚೀಚೆ ಆಗಬಹುದು” ಅಂತೀವಿ. ± ಚಿಹ್ನೆಗೆ ಇದಕ್ಕಿಂತ ಒಳ್ಳೆಯ ಕನ್ನಡ ನನಗಂತೂ ಕಾಣೆ. ‘ಹೆಚ್ಚುಕಮ್ಮಿ’ ಬೇಡ. ಏನಾದರೂ ಹೆಚ್ಚುಕಮ್ಮಿ ಆಯ್ತು ಅಂದರೆ ಹುಳು ಸತ್ತವು ಅಂತ ಅರ್ಥವಾದೀತು! ಆದರೆ ‘ಆಚೀಚೆ’ಯನ್ನು ಕೋಷ್ಟಕದ ತಲೆಬರಹವಾಗಿ ಹಾಕಬಹುದೇ? ‘ಮೆಟ್ಟಿಲು’ ಅಂತ ಒಂದು ಕಾಲಂ, ‘ಆಚೀಚೆ’ ಅಂತ ಇನ್ನೊಂದು. ಕಣ್ಣಿಗೆ ಹೇಗನಿಸುತ್ತದೆ ಹೇಳಿ. ‘ಆಚೀಚೆಯ ಮಿತಿ’ ಅಂದರೆ ಬಿಗಿ ಬರುತ್ತದೆಯೇ, ಇಲ್ಲ ಸುಮ್ನೆ ಉದ್ದವಾಗುತ್ತದೆಯೇ?

ವಿವರಿಸಲು ಡಾಕ್ಟರ ಥರ್ಮಾಮೀಟರ್ ತರುವ ಸಲಹೆ ದಯವಿಟ್ಟು ಬೇಡ. ಅಲ್ಲಿ ‘ಜ್ವರ’ ಬರುತ್ತದೆ. ರೇಷ್ಮೆ ಬೆಳೆಗಾರರಿಗೆ ಜ್ವರ ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚಲು ಕೂರುವ ಹೊತ್ತು. ನಾಲ್ಕು ಜ್ವರ ಎದ್ದಮೇಲೇ ಗೂಡಿನ ಮಾತು. ಮೈ ಬಿಸಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ ಉಳಿದಿದೆ. ಈ ಸೆನ್ಸರ್‌ಗೆ ಬೇರೆ ವಿದ್ಯುತ್ ತಂತಿ ಕೊಡದೆಯೂ ನಡೆಸಬಹುದು. ಮಾಹಿತಿ ಹರಿಯುವ ತಂತಿಯಿಂದಲೇ ಅದು ಕರೆಂಟು ಹೀರಿಕೊಳ್ಳುತ್ತದೆ. ಇಂಗ್ಲಿಷಿನವರು ಪ್ಯಾರಸೈಟ್ ಪವರ್ ಅಂತಾರೆ. ‘ಪರಾವಲಂಬಿ ವಿದ್ಯುತ್’ ಬರೆಯಬಹುದು, ಆದರೆ ನನಗೆ ‘ಬಂದಳಿಕೆ’ ಇಷ್ಟ. ಮಾವಿನ ಕೊಂಬೆ ಮೇಲೆ ಕೂತು ಅದರ ರಸವನ್ನೇ ಹೀರುವ ಗಿಡ. ಕೆಲವೆಡೆ ‘ಬದನಿಕೆ’ ಅಂತಾರೆ. ರಾಮನಗರ, ಕೋಲಾರದ ಕಡೆಯವರು ಇದ್ದರೆ ತಿಳಿಸಿ: ನಿಮ್ಮೂರಿನಲ್ಲಿ ಈ ಗಿಡಕ್ಕೆ ಏನಂತಾರೆ? ಕೈಪಿಡಿ ಮೊದಲು ಹೋಗುವುದು ಅಲ್ಲಿಗೇ.