‘ಕ್ಲಚ್ ಹಿಡೀತಿಲ್ಲ’ ಅಂದರೆ ಯಾವ ಹಿಡಿ?

‘ಹಿಡಿ’ ಅನ್ನೋ ಒಂದು ಪದ ಹೋದ ವಾರ ನನ್ನನ್ನು ಮಂಡಗದ್ದೆ ಹತ್ತಿರ ಮಳೆಯಲ್ಲಿ ಒಂದು ಗಂಟೆ ನಿಲ್ಲಿಸಿತು. ಅದಕ್ಕೇ ಈ ಪ್ರಶ್ನೆ.

ಬೈಕಿಗೆ ಹೊಸ ಕ್ಲಚ್ ಪ್ಲೇಟ್ (ಒಂದಕ್ಕೊಂದು ಒತ್ತಿ ಹಿಡಿದು ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸೋ ಬಿಲ್ಲೆಗಳು) ಹಾಕಿಸಿದ್ದೆ. ಕಂಪನಿಯದ್ದಲ್ಲ, ಹೊರಗಿನ ಸೆಟ್ಟು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟೆ. ಗಾಜನೂರು ದಾಟೋ ಹೊತ್ತಿಗೆ ತಕರಾರು ಶುರುವಾಯಿತು. ಲಿವರ್ ಪೂರ್ತಿ ಹಿಡಿದಿದ್ದರೂ ಫಸ್ಟ್ ಗೇರಿನಲ್ಲಿ ಗಾಡಿ ತಾನೇ ಮುಂದಕ್ಕೆ ಜಗ್ಗುತ್ತಿತ್ತು. ನಿಂತಾಗ ನ್ಯೂಟ್ರಲ್ ಬೀಳೋದೇ ಕಷ್ಟ. ಮೆಕ್ಯಾನಿಕ್‌ಗೆ ಫೋನ್ ಮಾಡಿ, ‘ಕ್ಲಚ್ ಸರಿಯಾಗಿ ಹಿಡೀತಿಲ್ಲ’ ಅಂದೆ. ‘ಕೇಬಲ್ ಟೈಟಾಗಿದೆ, ಸ್ವಲ್ಪ ಲೂಸ್ ಮಾಡಿ’ ಅಂದರು. ಮಾಡಿದೆ. ಕಷ್ಟಪಟ್ಟಾದರೂ ಬೀಳುತ್ತಿದ್ದ ನ್ಯೂಟ್ರಲ್ ಆಮೇಲೆ ಬೀಳಲೇ ಇಲ್ಲ!

ಅವರದ್ದು ತಪ್ಪಲ್ಲ. ನಾನು ಹೇಳಿದ್ದು ಒಂದು, ಅವರಿಗೆ ಕೇಳಿಸಿದ್ದು ಇನ್ನೊಂದು. ಗ್ಯಾರೇಜಿನಲ್ಲಿ ‘ಕ್ಲಚ್ ಹಿಡೀತಿಲ್ಲ’ ಅಂದರೆ ಪ್ಲೇಟುಗಳು ಒಂದನ್ನೊಂದು ಹಿಡೀತಿಲ್ಲ, ಜಾರುತ್ತಿವೆ ಅಂತ. ಆಗುಂಬೆ ಘಾಟಿ ಹತ್ತುವಾಗ ಎಂಜಿನ್ ಅರಚುತ್ತೆ, ಗಾಡಿ ಮಾತ್ರ ಏರಲ್ಲ, ಆ ಕಾಯಿಲೆ. ಅದಕ್ಕೆ ಮೊದಲ ಮದ್ದು ಕೇಬಲ್ ಸಡಿಲಿಸೋದು. (ಕಾರಿನ ಆಯಿಲ್ ಬೈಕಿಗೆ ಹಾಕಿದರೂ ಹೀಗೆ ಜಾರಬಹುದು, ಅದು ಬೇರೆ ಕಥೆ.) ನನ್ನ ಗಾಡಿಯದ್ದು ತದ್ವಿರುದ್ಧ. ಪ್ಲೇಟುಗಳು ಬಿಡುತ್ತಿರಲಿಲ್ಲ. ಕೇಬಲ್ ಆಗಲೇ ಸಡಿಲವಿತ್ತು, ಬಿಗಿ ಮಾಡಬೇಕಿತ್ತು. ಲಿವರ್ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರ್ ಸಡಿಲ ಇರಬೇಕು. ನನ್ನದು ಅದರ ಎರಡರಷ್ಟಿತ್ತು. ಪೆಟ್ಟಿ ಅಂಗಡಿಯ ಮಾಡಿನ ಕೆಳಗೆ ನಿಂತು ನಾನೇ ತಿರುಪಿದೆ, ಸರಿಹೋಯಿತು.

ದಾರಿಯುದ್ದಕ್ಕೂ ಇದೇ ಯೋಚನೆ. ಕೈ ಹಿಡಿದರೆ ಕ್ಲಚ್ ಬಿಡುತ್ತೆ. ಕೈ ಬಿಟ್ಟರೆ ಕ್ಲಚ್ ಹಿಡಿಯುತ್ತೆ. ಎರಡು ಕಡೆಗೂ ನಾವು ಅದೇ ಎರಡು ಪದ ಬಳಸುತ್ತೇವೆ. ‘ಕ್ಲಚ್ ಹಿಡಿ’ ಅಂದಾಗ ಹಿಡಿಯೋನು ಸವಾರ. ‘ಕ್ಲಚ್ ಹಿಡೀತು’ ಅಂದಾಗ ಹಿಡಿಯೋದು ಕ್ಲಚ್ಚೇ. ಇದೇನು ಹೊಸದಲ್ಲ ಬಿಡಿ. ಮಲೆನಾಡಿನಲ್ಲಿ ಕೊಡೆ ನಾವು ಹಿಡಿಯುತ್ತೇವೆ, ಮಳೆ ತಾನಾಗಿ ಹಿಡಿಯುತ್ತೆ. ತುಕ್ಕು ಹಿಡಿಯುತ್ತೆ, ಬೂಷ್ಟು ಹಿಡಿಯುತ್ತೆ, ಯಾರ ಅಪ್ಪಣೆಯೂ ಬೇಡ. ಹಳಗನ್ನಡದ ‘ಪಿಡಿ’ಯೇ ಈಗಿನ ‘ಹಿಡಿ’. ತಮಾಷೆ ಅಂದರೆ, ಇಂಗ್ಲಿಷಿನ ‘ಕ್ಲಚ್’ ಪದಕ್ಕೂ ಗಟ್ಟಿಯಾಗಿ ಹಿಡಿ ಅಂತಲೇ ಅರ್ಥ. ಅಂದರೆ ನಾವು ಹೇಳೋದು ‘ಹಿಡಿ ಹಿಡಿ’ ಅಂತಾಯಿತು, ಅಲ್ವಾ?

ಹಾಗಾದರೆ ನನ್ನ ತೊಂದರೆಗೆ ‘ಕ್ಲಚ್ ಬಿಡ್ತಿಲ್ಲ’ ಅನ್ನಬೇಕಿತ್ತು. ಆದರೆ ಹಾಗಂದರೆ ಲಿವರ್ ಸಿಕ್ಕಿಹಾಕಿಕೊಂಡಿದೆ ಅಂದುಕೊಳ್ಳಬಹುದು. ‘ಗಾಡಿ ಎಳೀತಿದೆ’ ಅನ್ನೋಣ ಅಂದರೆ ಅದು ಹೊಗಳಿಕೆ. ಚೆನ್ನಾಗಿ ಎಳೆಯೋ ಗಾಡಿ ಯಾರಿಗೆ ಬೇಡ?

ಇನ್ನೊಂದು ಜಾಗಕ್ಕೂ ಪದ ಬೇಕು. ಲಿವರ್ ಮೆಲ್ಲಗೆ ಬಿಡುವಾಗ ಗಾಡಿ ಸಣ್ಣಗೆ ಅಲುಗಿ ಹೊರಡೋ ಆ ಒಂದು ಗಳಿಗೆ. ಹೊಸ ಪ್ಲೇಟ್ ಹಾಕಿದಾಗ ಈ ಜಾಗವೇ ಬದಲಾಗೋದು. ಇದನ್ನು ಇಂಗ್ಲಿಷಿನಲ್ಲಿ ‘ಕ್ಲಚ್ ಎಂಗೇಜ್‌ಮೆಂಟ್’ ಅಂತ ಬರೆದು ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿದೆ. ‘ಕ್ಲಚ್ ನಿಶ್ಚಿತಾರ್ಥ’ ಅಂತ ಬಂತು! ಗೆಳೆಯನೊಬ್ಬ ‘ಕಚ್ಚೋ ಜಾಗ’ ಅನ್ನುತ್ತಾನೆ. ನನಗೆ ಒಪ್ಪಿಗೆಯಿಲ್ಲ. ‘ಬ್ರೇಕ್ ಕಚ್ಚಿದೆ’ ಅಂದರೆ ಬ್ರೇಕ್ ಅಂಟಿಕೊಂಡು ಬಿಡ್ತಿಲ್ಲ ಅಂತ ತಾನೇ? ನಮ್ಮ ಕಡೆ ಉಂಬಳ (ಜಿಗಣೆ) ಕಚ್ಚಿದರೂ ಅಷ್ಟೇ, ಹೊಟ್ಟೆ ತುಂಬೋವರೆಗೆ ಬಿಡಲ್ಲ. ‘ಹಾಫ್ ಕ್ಲಚ್’ ಅನ್ನೋದು ಹತ್ತಿರದ್ದು, ಆದರೆ ಅದು ಸವಾರ ಹಿಡಿದು ನಿಲ್ಲಿಸೋ ಸ್ಥಿತಿ, ಗಳಿಗೆಯಲ್ಲ. ನನ್ನ ಮಟ್ಟಿಗೆ ‘ಹಿಡಿತ ಸಿಗೋ ಜಾಗ’ ವಾಸಿ. ಕೊಂಚ ಉದ್ದವಾಯಿತು, ನಿಜ.

ಸಾಗರ, ಹೊಸನಗರ, ಕೊಪ್ಪದ ಕಡೆ ಜೀಪು, ಟಿಲ್ಲರ್ ಓಡಿಸೋರು ಈ ಜಾಗಕ್ಕೆ ಏನಂತಾರೆ? ಪ್ಲೇಟ್ ಬಿಡದೇ ಇರೋದಕ್ಕೂ ಬೇರೆ ಪದ ಇದ್ದರೆ ತಿಳಿಸಿ.