ಆಕ್ಸಿಡೆಂಟ್ ಜಾಗದಲ್ಲಿ ಮೊಬೈಲ್ ಎತ್ತಿ ನಿಂತವರ ಕೈಗೆ ಏನು ಕೆಲಸ ಕೊಡೋದು?

ದೋಣಿಗಾಲ್ ಹುಡುಗರು

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ದಾಟಿ ದೋಣಿಗಾಲ್, ಮಾರನಹಳ್ಳಿ ಕಡೆ ಹೆದ್ದಾರಿ 75ರ ಪಕ್ಕದ ಅಂಗಡಿಯವರು, ಆಟೋದವರು, ಪಂಕ್ಚರ್ ಶಾಪ್‌ನವರು, ತೋಟದ ರೈಟರ್‌ಗಳು ಎಲ್ಲರನ್ನೂ ಸೇರಿಸಿ ಒಂದು ಗಂಟೆಯ ತರಬೇತಿ ಇಟ್ಕೊಂಡಿದ್ದೀವಿ. ಗಾಡಿ ಪಲ್ಟಿ ಆದ ಐದು ನಿಮಿಷದಲ್ಲಿ ಮೂವತ್ತು ಜನ ಸೇರ್ತಾರೆ, ಇಪ್ಪತ್ತು ಮೊಬೈಲ್ ಮೇಲೇಳುತ್ತೆ. ಬೈದರೆ ಅಲ್ಲೇ ಜಗಳ, ಗಾಯಾಳು ಪಾಡಿಗೆ ಗಾಯಾಳು.

ಮಾನವೀಯತೆ ಸತ್ತುಹೋಗಿದೆ ಅನ್ನೋ ಭಾಷಣ ನಮಗೆ ಬೇಡ. ವಿಡಿಯೋ ಮಾಡ್ತಿರೋನನ್ನ ಕೆಲಸಕ್ಕೆ ಹಚ್ಚೋದು ಹೇಗೆ, ಆಂಬುಲೆನ್ಸ್ ಬರೋ ತನಕ ಏನು ಮಾಡಬೇಕು, ಏನು ಮುಟ್ಟಬಾರದು, ಪೊಲೀಸ್ ಕೇಸಿನ ಭಯಕ್ಕೆ ಏನು ಉತ್ತರ ಕೊಡೋದು? ಗೊತ್ತಿರೋರು ದಯವಿಟ್ಟು ವಿವರವಾಗಿ ಬರೀರಿ.

ವಾರ್ಡ್ ನಂ. 9

ಭಾಷಣ ಬೇಡ ಅಂದಿದ್ದು ಒಳ್ಳೇದಾಯ್ತು. ಹಾಗೆ ನಿಂತವರೆಲ್ಲ ಕಲ್ಲುಮನಸ್ಸಿನವರಲ್ಲ. ಏನು ಮಾಡಬೇಕು ಅಂತ ತಿಳಿದಿರಲ್ಲ, ಕೈಯಲ್ಲಿ ಮೊಬೈಲ್ ಇರುತ್ತೆ, ಎತ್ತುತ್ತಾರೆ. ಜನ ಜಾಸ್ತಿ ಇದ್ದಷ್ಟೂ ಮುಂದೆ ಬರೋರು ಕಮ್ಮಿ. ಅಮೆರಿಕದಲ್ಲಿ ಡಾರ್ಲಿ, ಲಟಾನೆ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು 1968ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು. ಬೇರೆ ರೂಮಿನಲ್ಲಿ ಒಬ್ಬರಿಗೆ ಮೂರ್ಛೆ ಬಂದ ಸದ್ದು ಕೇಳಿಸಿದ್ರು. ಕೇಳ್ತಿರೋದು ನಾನೊಬ್ಬನೇ ಅಂದುಕೊಂಡವರಲ್ಲಿ ಸದ್ದು ನಿಲ್ಲೋದರೊಳಗೆ ಎದ್ದು ಹೋಗಿ ತಿಳಿಸಿದವರು 100ಕ್ಕೆ 85. ಇನ್ನೂ ನಾಲ್ಕು ಜನ ಕೇಳ್ತಿದ್ದಾರೆ ಅಂದುಕೊಂಡವರಲ್ಲಿ 31.

ಅದಕ್ಕೇ "ಯಾರಾದ್ರೂ ಆಂಬುಲೆನ್ಸ್‌ಗೆ ಫೋನ್ ಮಾಡ್ರಪ್ಪಾ" ಅಂತ ಗುಂಪಿಗೆ ಕೂಗಬಾರದು. ಯಾರಾದ್ರೂ ಅಂದ್ರೆ ಯಾರೂ ಮಾಡಲ್ಲ. ಬೆರಳು ತೋರಿಸಿ, ಬಟ್ಟೆ ಬಣ್ಣ ಹಿಡಿದು ಹೇಳಿ: "ನೀಲಿ ಶರ್ಟ್ ಅಣ್ಣಾ, 108ಕ್ಕೆ ಮಾಡಿ ಸ್ಪೀಕರ್ ಹಾಕಿ, ನನ್ನ ಪಕ್ಕದಲ್ಲೇ ನಿಂತ್ಕೊಳಿ." ಮೊಬೈಲ್ ಎತ್ತಿದವನನ್ನೇ ಮೊದಲು ಆರಿಸಿ. ಅವನ ಫೋನು ಕಿವಿಗೆ ಹೋದ ಮೇಲೆ ವಿಡಿಯೋ ತಾನಾಗೇ ನಿಲ್ಲುತ್ತೆ. ಇನ್ನೊಬ್ಬರಿಗೆ ಟಾರ್ಚ್ ಹಿಡಿಯೋಕೆ, ಮತ್ತೊಬ್ಬರಿಗೆ ಆಂಬುಲೆನ್ಸ್‌ಗೆ ಕೈ ಬೀಸೋಕೆ ಹೇಳಿ.

108ಕ್ಕೆ ಮೊದಲು ಜಾಗ ಹೇಳಬೇಕು, ಆಮೇಲೆ ಉಳಿದದ್ದು. ಘಾಟಿಯಲ್ಲಿ ಕಾಲ್ ಯಾವಾಗ ಕಟ್ ಆಗುತ್ತೋ ಗೊತ್ತಿಲ್ಲ. "ದೊಡ್ಡ ತಿರುವು, ಹಲಸಿನ ಮರದ ಹತ್ರ" ಅಂದ್ರೆ ಕಾಲ್ ಸೆಂಟರ್‌ನಲ್ಲಿ ಕೂತೋರಿಗೆ ಏನೂ ತಿಳಿಯಲ್ಲ. ಹೆದ್ದಾರಿ ನಂಬರ್, ಹಾಸನದಿಂದ ಮಂಗಳೂರಿಗೆ ಹೋಗೋ ಕಡೆಯೋ ಬರೋ ಕಡೆಯೋ, ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆ. ಆಮೇಲೆ ಎಷ್ಟು ಜನಕ್ಕೆ ಪೆಟ್ಟು, ಒಳಗೆ ಸಿಕ್ಕಿಹಾಕಿಕೊಂಡಿದ್ದಾರಾ, ಮಾತಾಡ್ತಿದ್ದಾರಾ, ಉಸಿರಿದೆಯಾ. ಅವರೇ ಇಡಿ ಅನ್ನೋ ತನಕ ಫೋನ್ ಇಡಬೇಡಿ. ನೆಟ್‌ವರ್ಕ್ ಹೋಗಿ "ತುರ್ತು ಕರೆ ಮಾತ್ರ" ಅಂತ ತೋರಿಸ್ತಿದ್ರೆ 112 ಒತ್ತಿ, ಬೇರೆ ಕಂಪನಿಯ ಟವರ್ ಸಿಕ್ಕರೂ ಅದು ಹೋಗುತ್ತೆ. ಅದೂ ಹೋಗದ ಜಾಗದಲ್ಲಿ ಬೈಕಿನವನಿಗೆ ಇದೇ ವಿವರ ಚೀಟಿಯಲ್ಲಿ ಬರೆದುಕೊಟ್ಟು ಸಿಗ್ನಲ್ ಸಿಗೋ ಕಡೆಗೆ ಕಳಿಸಿ.

ಇನ್ನು ಗಾಯದ ವಿಷಯ. ಮೊದಲು ರಕ್ತ. ಚಿಮ್ಮಿ ಬರ್ತಿದ್ರೆ ಪಂಚೆ, ಟವೆಲ್, ವೇಲ್, ಯಾವುದು ಶುದ್ಧವಾಗಿದೆಯೋ ಅದನ್ನ ಮಡಚಿ ಗಾಯದ ಮೇಲಿಟ್ಟು ಎರಡೂ ಅಂಗೈಯಿಂದ ಮೈಭಾರ ಹಾಕಿ ಒತ್ತಿ. ಹತ್ತು ನಿಮಿಷ ಎತ್ತಿ ನೋಡಬಾರದು. ಎಲ್ಲರೂ ತಪ್ಪೋದು ಇಲ್ಲೇ: ನಿಂತಿದೆಯಾ ಅಂತ ನಿಮಿಷಕ್ಕೊಮ್ಮೆ ಬಟ್ಟೆ ತೆಗೀತಾರೆ, ಹೆಪ್ಪುಗಟ್ಟಿದ್ದು ಕಿತ್ತುಬರುತ್ತೆ. ಗಾಜು, ಕಬ್ಬಿಣ ಒಳಗೆ ಹೊಕ್ಕಿದ್ರೆ ಕೀಳಬೇಡಿ, ಅದರ ಸುತ್ತ ಬಟ್ಟೆ ಒತ್ತಿ. ಕೈಯೋ ಕಾಲೋ ಜಜ್ಜಿಹೋಗಿ ಒತ್ತಿದರೂ ರಕ್ತ ನಿಲ್ಲದಿದ್ದಾಗ ಮಾತ್ರ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲಿನ ಮೇಲೆ ಬಾರದ ಹಾಗೆ, ಅಗಲ ಪಟ್ಟಿ ಕಟ್ಟಿ ಕಡ್ಡಿ ಸಿಕ್ಕಿಸಿ ರಕ್ತ ನಿಲ್ಲೋ ತನಕ ತಿರುಚಿ. ತಂತಿ, ಹಗ್ಗ ಬೇಡ, ಚರ್ಮ ಕೊಯ್ಯುತ್ತೆ. ಕಟ್ಟಿದ ಸಮಯವನ್ನ ಹಣೆ ಮೇಲೋ ಕೈ ಮೇಲೋ ಪೆನ್ನಲ್ಲಿ ಬರೀರಿ.

ಎರಡನೇದು ಉಸಿರು. ಪ್ರಜ್ಞೆ ಇಲ್ಲದೆ ಗೊರಗೊರ ಸದ್ದು ಬರ್ತಿದ್ರೆ ಅದು ನಿದ್ದೆಯ ಗೊರಕೆ ಅಲ್ಲ, ನಾಲಿಗೆ ಹಿಂದೆ ಜಾರಿದೆ. ತಲೆ ಹಿಂದಕ್ಕೆ ಬಾಗಿಸದೆ ಕಿವಿಯ ಕೆಳಗೆ ದವಡೆ ಮೂಲೆಗೆ ಎರಡೂ ಕಡೆ ಬೆರಳು ಕೊಟ್ಟು ದವಡೆಯನ್ನ ಮುಂದಕ್ಕೆ ತಳ್ಳಿ. ವಾಂತಿ ಬಂದ್ರೆ ತಲೆ, ಭುಜ, ಸೊಂಟ ಒಟ್ಟಿಗೆ ಹೊರಳೋ ಹಾಗೆ ಮಗ್ಗುಲಿಗೆ ತಿರುಗಿಸಿ.

ಹೆಲ್ಮೆಟ್: ಮಾತಾಡ್ತಿದ್ದರೆ, ಉಸಿರು ಸರಿಯಿದ್ದರೆ ತೆಗೀಬೇಡಿ. ಮುಂದಿನ ಗಾಜು ಎತ್ತಿ, ಗಲ್ಲದ ಪಟ್ಟಿ ಬಿಚ್ಚಿದರೆ ಸಾಕು. ಉಸಿರು ಕಟ್ಟಿದ್ದರೆ ತೆಗೀಲೇಬೇಕು, ಆದರೆ ಇಬ್ಬರು ಬೇಕು. ಒಬ್ಬರು ಕೆಳಗಿಂದ ಕತ್ತು, ದವಡೆ ಹಿಡಿದು ಅಲ್ಲಾಡದಂತೆ ಇಟ್ಕೋಬೇಕು. ಇನ್ನೊಬ್ಬರು ತಲೆಯ ಕಡೆ ಕೂತು ಎರಡೂ ಬದಿ ಅಗಲಿಸಿ ನಿಧಾನಕ್ಕೆ ಎಳೀಬೇಕು.

ನೀರು ಕುಡಿಸಬೇಡಿ, ಸೋಡಾನೂ ಬೇಡ. ಪ್ರಜ್ಞೆ ಮಂಕಾಗಿದ್ರೆ ಅದು ಶ್ವಾಸಕೋಶಕ್ಕೆ ಇಳಿಯುತ್ತೆ, ಆಪರೇಷನ್ ಬೇಕಾದಾಗ ಅರಿವಳಿಕೆಗೂ ತೊಂದರೆ.

ಬೇಲೂರು ಬಸ್‌ಸ್ಟ್ಯಾಂಡ್

ಮೇಡಂ, ಕಟ್ಟಿದ ಪಟ್ಟಿಯನ್ನ ಹದಿನೈದು ನಿಮಿಷಕ್ಕೊಮ್ಮೆ ಸಡಿಲ ಮಾಡಬೇಕು ಅಂತ ಸ್ಕೌಟ್‌ನಲ್ಲಿ ಹೇಳಿಕೊಡ್ತಿದ್ರಲ್ಲ? ಇನ್ನೊಂದು, ಆಂಬುಲೆನ್ಸ್ ಒಂದು ಗಂಟೆ ಆಗುತ್ತೆ ಅಂದ್ರೆ ಆಟೋಗೆ ಹಾಕ್ಕೊಂಡು ಹೋಗಬಹುದಾ?

ವಾರ್ಡ್ ನಂ. 9

ಸಡಿಲ ಮಾಡೋದು ಹಳೇ ಪಾಠ, ಈಗ ಇಲ್ಲ. ಪ್ರತಿ ಸಲ ಬಿಚ್ಚಿದಾಗಲೂ ಇನ್ನಷ್ಟು ರಕ್ತ ಹೋಗುತ್ತೆ. ಒಮ್ಮೆ ಕಟ್ಟಿದ ಮೇಲೆ ಬಿಚ್ಚೋದು ಆಸ್ಪತ್ರೆಯಲ್ಲೇ.

ಆಟೋ ಕೊನೇ ಆಯ್ಕೆ. ಉದ್ದಕ್ಕೆ ಮಲಗಿಸೋಕೆ ಜಾಗ ಇಲ್ಲ, ಮಡಚಿ ಕೂರಿಸಿದರೆ ಕತ್ತು ಮುಂದಕ್ಕೆ ಬಿದ್ದು ಉಸಿರು ಕಟ್ಟುತ್ತೆ. ಹಿಂದೆ ಬಯಲಾಗಿರೋ ಪಿಕಪ್ ಎಷ್ಟೋ ವಾಸಿ. ಹಲಗೆಯೋ ಬಾಗಿಲೋ ಪಕ್ಕಕ್ಕಿಟ್ಟು, ಒಬ್ಬರು ತಲೆ ಹಿಡಿದು, ಮೂವರು ಭುಜ, ಸೊಂಟ, ಕಾಲು ಹಿಡಿದು, ತಲೆ ಹಿಡಿದವರು ಎಣಿಸಿದಾಗ ಒಟ್ಟಿಗೆ ಎತ್ತಬೇಕು. ಇಬ್ಬರು ಕೈ ಕಾಲು ಹಿಡಿದು ಮೂಟೆ ಥರ ಎತ್ತೋದಿದೆಯಲ್ಲ, ಬೆನ್ನುಹುರಿ ಕೆಡೋದು ಅಲ್ಲಿ. ಹೊರಡೋ ಮುಂಚೆ ಆ ಕಡೆಯ ಆಸ್ಪತ್ರೆಗೆ ಒಂದು ಫೋನ್ ಮಾಡಿ. ನಿಮ್ಮ ಕಡೆಯಿಂದಾದರೆ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ ಹತ್ತಿರ, ಅಲ್ಲಿಂದ ಮುಂದೆ ಹಾಸನದ ಹಿಮ್ಸ್.

ಘಾಟಿ ತಿರುವು

ಮೇಡಂ ಗಾಯದಿಂದ ಶುರು ಮಾಡಿದ್ರು, ನಾನು ಅದಕ್ಕೂ ಒಂದು ನಿಮಿಷ ಹಿಂದಕ್ಕೆ ಹೋಗ್ತೀನಿ. ಶಿರಾಡಿಯಲ್ಲೂ ಚಾರ್ಮಾಡಿಯಲ್ಲೂ ಎರಡನೇ ಗುದ್ದೇ ದೊಡ್ಡ ಅಪಾಯ. ಮಂಜು, ತಿರುವು, ನೋಡೋಕೆ ನಿಂತ ಜನ ರಸ್ತೆ ಮಧ್ಯೆ. ಮೇಲಿಂದ ಬರೋ ಲಾರಿಗೆ ಬ್ರೇಕ್ ಹಿಡಿಯೋಕೆ ಜಾಗ ಎಲ್ಲಿ? ಕೆಂಪು ತ್ರಿಕೋನ ಬಿದ್ದ ಗಾಡಿಯ ಪಕ್ಕ ಇಟ್ಟರೆ ಪ್ರಯೋಜನ ಇಲ್ಲ, ತಿರುವಿಗೂ ಮುಂಚೆ, ಎರಡೂ ದಿಕ್ಕಿಗೆ ಇಡಬೇಕು. ತ್ರಿಕೋನ ಇಲ್ಲದಿದ್ರೆ ಸೊಪ್ಪಿನ ಕೊಂಬೆ. ಕಲ್ಲು ಬೇಡ. ಗಾಡಿ ತೆಗೆದ ಮೇಲೂ ಕಲ್ಲು ಅಲ್ಲೇ ಉಳಿದು ರಾತ್ರಿ ಬೈಕಿನವನನ್ನ ಬೀಳಿಸುತ್ತೆ. ವಿಡಿಯೋದವರಿಗೆ ಇದು ಒಳ್ಳೇ ಕೆಲಸ: ಟಾರ್ಚ್ ಹಾಕಿ ತಿರುವಿನ ಮೇಲೆ, ರಸ್ತೆ ಬಿಟ್ಟು ಅಂಚಿನಲ್ಲಿ ನಿಂತು ಗಾಡಿ ನಿಧಾನ ಮಾಡಿಸೋದು. ನೋಡೋಕೆ ಅಂತ ನಿಲ್ಲಿಸಿದ ಕಾರುಗಳನ್ನ ಒಂದೇ ಬದಿಗೆ ಹಾಕಿಸಿ. ಎರಡೂ ಬದಿ ನಿಂತರೆ ಆಂಬುಲೆನ್ಸ್ ಅರ್ಧ ಕಿಲೋಮೀಟರ್ ಹಿಂದೆಯೇ ಸಿಕ್ಕಿಬೀಳುತ್ತೆ. ಕ್ಯಾಮೆರಾ ಗುಂಪಿನಿಂದ ಆಗೋ ಅಸಲಿ ಹಾನಿ ಇದು.

ಬಿದ್ದ ಗಾಡಿಯ ಕೀ ಆಫ್ ಮಾಡಿ, ಚಕ್ರಕ್ಕೆ ಅಡ್ಡ ಕೊಡಿ. ಬೆಲ್ಟ್ ಬಿಚ್ಚದಿದ್ರೆ ಕಾಫಿ ಗಿಡ ಸವರೋ ಕತ್ತರಿ ಸಾಕು, ಮೈಗೆ ತಾಗದಂತೆ ಭುಜದ ಹತ್ರ ಕತ್ತರಿಸಿ. ಕರೆಂಟ್ ತಂತಿ ಬಿದ್ದಿದ್ರೆ ಹತ್ತು ಮೀಟರ್ ಒಳಗೆ ಹೋಗಲೇಬೇಡಿ, 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ. ಹಾಸನ ಕಡೆ ಕರೆಂಟ್ ಕಂಪನಿ ಸೆಸ್ಕ್, ಚಿಕ್ಕಮಗಳೂರು ಕಡೆ ಮೆಸ್ಕಾಂ, ನಂಬರ್ ಒಂದೇ.

ನಿಮ್ಮ ರಸ್ತೆಗೆ ಬೇರೆಯಾಗಿ ಹೇಳಬೇಕಾದ್ದು ಗ್ಯಾಸ್ ಬುಲೆಟ್ ಟ್ಯಾಂಕರ್. ಮಂಗಳೂರಿಂದ ಬರೋ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಲ್ಲ, ಚರಂಡಿ, ಹಳ್ಳ, ತಗ್ಗು ಹಿಡಿದು ಹರಿಯುತ್ತೆ. ಬಿಳಿ ಮಂಜಿನ ಥರ ಕಂಡು, ಹುಡುಗರು ಚೆನ್ನಾಗಿ ಬರುತ್ತೆ ಅಂತ ಅದನ್ನೇ ವಿಡಿಯೋ ಮಾಡೋಕೆ ಹೋಗ್ತಾರೆ. ಗಾಳಿ ಬೀಸೋ ದಿಕ್ಕಿಗೆ ಎದುರಾಗಿ, ದಿಬ್ಬದ ಕಡೆಗೆ ಓಡಬೇಕು. ಸುತ್ತ ಕನಿಷ್ಠ 100 ಮೀಟರ್ ಯಾರೂ ಇರಬಾರದು, ಜೋರು ಸೋರಿಕೆಯಾದರೆ ಗಾಳಿ ಹೋಗೋ ಕಡೆ 800 ಮೀಟರ್ ತೆರವು ಮಾಡಿಸಬೇಕು, ಟ್ಯಾಂಕರ್‌ಗೆ ಬೆಂಕಿ ಹತ್ತಿದ್ರೆ ಸುತ್ತಲೂ 1600 ಮೀಟರ್. ಗಾಡಿ ಸ್ಟಾರ್ಟ್ ಮಾಡೋದು, ಬೀಡಿ, ಸ್ವಿಚ್ ಯಾವುದೂ ಬೇಡ. ಫೋಟೋ ಬೇಕೇ ಬೇಕು ಅನ್ನೋನಿಗೆ ಒಂದೇ ಫೋಟೋ: ದೂರದಿಂದ ಝೂಮ್ ಮಾಡಿ ಟ್ಯಾಂಕರ್ ಮೇಲಿನ ಅಪಾಯ ಸೂಚನೆ ಫಲಕ. ಅದರಲ್ಲಿ ನಾಲ್ಕು ಅಂಕಿಯ ಸಂಖ್ಯೆ ಇರುತ್ತೆ. 1075 ಅಂದ್ರೆ ಎಲ್‌ಪಿಜಿ, 1203 ಪೆಟ್ರೋಲ್, 1202 ಡೀಸೆಲ್. ಆ ಸಂಖ್ಯೆಯನ್ನ 112ಕ್ಕೆ ಓದಿ ಹೇಳಿದ್ರೆ ಅಗ್ನಿಶಾಮಕದವರು ಅದಕ್ಕೆ ತಕ್ಕ ಸಿದ್ಧತೆಯಲ್ಲಿ ಬರ್ತಾರೆ.

ಕರಿಕೋಟು

ಕೇಸಿನ ಭಯದ ಬಗ್ಗೆ. ಇದು ಸುಮ್ಮನೆ ಹುಟ್ಟಿದ ಭಯ ಅಲ್ಲ, ಹಿಂದೆ ಆಸ್ಪತ್ರೆಗೆ ಸೇರಿಸಿದವರನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳ್ತಿದ್ದದ್ದು ಹೌದು. ಈಗ ಕಾನೂನು ಬದಲಾಗಿದೆ. ಆಸ್ಪತ್ರೆ ಸರ್ಕಾರಿಯೋ ಖಾಸಗಿಯೋ, ಪೊಲೀಸ್ ಕಾಗದಕ್ಕೆ ಕಾಯದೆ ಚಿಕಿತ್ಸೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿತ್ತು. ನೆರವಿಗೆ ಬಂದವರ ರಕ್ಷಣೆಗಾಗಿ ಕೇಂದ್ರ ಹೊರಡಿಸಿದ್ದ ಮಾರ್ಗಸೂಚಿಗೆ 2016ರ ಮಾರ್ಚ್‌ನಲ್ಲಿ ಅದೇ ಕೋರ್ಟ್ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಇದಕ್ಕೇ ಪ್ರತ್ಯೇಕ ಕಾಯ್ದೆಯನ್ನೂ ಮಾಡಿದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಕಲಂ ಸೇರಿತು: ಒಳ್ಳೇ ಉದ್ದೇಶದಿಂದ, ಪ್ರತಿಫಲ ಬಯಸದೆ ಸಹಾಯ ಮಾಡೋಕೆ ಹೋಗಿ ಏನಾದರೂ ಹೆಚ್ಚುಕಮ್ಮಿ ಆದರೂ ಸಿವಿಲ್ ಕೇಸಿಲ್ಲ, ಕ್ರಿಮಿನಲ್ ಕೇಸಿಲ್ಲ.

ತರಬೇತಿಯಲ್ಲಿ ಕಲಂ ಸಂಖ್ಯೆಗಿಂತ ಇಷ್ಟು ಹೇಳಿ: ಹೆಸರು, ವಿಳಾಸ ಕೊಡಲೇಬೇಕು ಅಂತ ಇಲ್ಲ. ಆಸ್ಪತ್ರೆ ತಡೆದು ನಿಲ್ಲಿಸೋ ಹಾಗಿಲ್ಲ, ದುಡ್ಡು ಕಟ್ಟಿ ಅನ್ನೋ ಹಾಗೂ ಇಲ್ಲ. ಸಾಕ್ಷಿ ಹೇಳ್ತೀನಿ ಅಂತ ತಾವೇ ಒಪ್ಪಿದರೆ ಮಾತ್ರ ಹೇಳಿಕೆ, ಅದೂ ಒಂದೇ ಸಲ. ಚಿಕಿತ್ಸೆಯ ಖರ್ಚು ಯಾರು ಕೊಡ್ತಾರೆ ಅನ್ನೋ ಅನುಮಾನಕ್ಕೆ ಉತ್ತರ: 2025ರ ಮೇ ತಿಂಗಳ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ.

ವಿಡಿಯೋ ಮಾಡಿದ್ರೆ ಜೈಲು ಅಂತ ಮಾತ್ರ ಹೆದರಿಸಬೇಡಿ. ರಸ್ತೆ ಅಪಘಾತ ಚಿತ್ರೀಕರಿಸಿದ್ದಕ್ಕೇ ಶಿಕ್ಷೆ ಅನ್ನೋ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಜರ್ಮನಿಯಲ್ಲಿ ಸತ್ತವರ ಹೀನಾಯ ಚಿತ್ರ ತೆಗೆಯೋದು 2021ರಿಂದ ಅಪರಾಧ. ಇಲ್ಲಿ ಸುಳ್ಳು ಹೇಳಿ ಹೆದರಿಸಿದರೆ, ನಿಜವಾಗಿ ಬೇಕಾದ ಚಿತ್ರವೂ ಸಿಗಲ್ಲ.

ಬೇಕಾದ ಚಿತ್ರ ಯಾವುದು ಅಂದ್ರೆ, ನಂಬರ್ ಪ್ಲೇಟ್. ಗುದ್ದಿ ಓಡಿಹೋದ ಗಾಡಿ ಯಾವುದು ಅಂತ ಗೊತ್ತಾಗದಿದ್ರೆ ಸತ್ತವರ ಮನೆಯವರಿಗೆ ಸಿಗೋದು 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000, ಅಷ್ಟೇ. ನಂಬರ್ ಸಿಕ್ಕರೆ ಸತ್ತವರ ವಯಸ್ಸು, ದುಡಿಮೆ, ಅವಲಂಬಿತರ ಲೆಕ್ಕ ಹಾಕಿ ವಿಮಾ ಕಂಪನಿಯಿಂದ ಪೂರ್ತಿ ಪರಿಹಾರ ಕೇಳಬಹುದು. ಕೂಲಿ ಮಾಡೋ ಮನೆಗೆ ಈ ವ್ಯತ್ಯಾಸ ಎಷ್ಟು ದೊಡ್ಡದು ನೀವೇ ಯೋಚಿಸಿ. ಮೂವತ್ತು ಜನ ತೆಗೆದ ಮುಖದ ಕ್ಲೋಸಪ್‌ನಿಂದ ಕೋರ್ಟಿಗೆ ಮೂರು ಕಾಸಿನ ಉಪಯೋಗ ಇಲ್ಲ. ಗಾಯಾಳುವಿಗೆ ಕೈಗಳು ಸಾಕಷ್ಟು ಇವೆ ಅಂದಾದ ಮೇಲೆ ಒಬ್ಬರು ಮಾತ್ರ ಇಷ್ಟು ತೆಗೀಲಿ: ಗಾಡಿಗಳನ್ನ ಸರಿಸೋ ಮುಂಚೆ ಎರಡೂ ದಿಕ್ಕಿನಿಂದ ದೂರದ ಚಿತ್ರ, ಟೈರ್ ಉಜ್ಜಿದ ಗುರುತು, ಎಲ್ಲ ನಂಬರ್ ಪ್ಲೇಟ್, ಗುಂಡಿಯೋ ಕಿತ್ತುಹೋದ ತಡೆಗೋಡೆಯೋ ಇದ್ರೆ ಅದು.

ವಾಟ್ಸಾಪ್‌ನಲ್ಲಿ ಹಾಗೇ ಕಳಿಸಿದರೆ ಚಿತ್ರ ಕುಗ್ಗುತ್ತೆ, ತೆಗೆದ ಸಮಯ, ಜಾಗದ ವಿವರ ಅಳಿಸಿಹೋಗುತ್ತೆ. ಅಸಲು ಫೈಲು ಫೋನಿನಲ್ಲೇ ಇರಲಿ, ಕತ್ತರಿಸಬೇಡಿ, ಹಾಡು ಸೇರಿಸಬೇಡಿ. ಕೋರ್ಟಿಗೆ ಕೊಡುವಾಗ ಡಿಜಿಟಲ್ ಫೈಲನ್ನ ದೃಢೀಕರಿಸೋ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕಾಗುತ್ತೆ. ಊರಿನ ಗ್ರೂಪಿಗೆ ಹಾಕೋದಂತೂ ಬೇಡವೇ ಬೇಡ. ಪೊಲೀಸರು ಫೋನ್ ಮಾಡೋ ಮೊದಲೇ ತಾಯಿ ಮೊಬೈಲಿನಲ್ಲಿ ಮಗನ ಮುಖ ಬಂದಿರುತ್ತೆ.

ದೋಣಿಗಾಲ್ ಹುಡುಗರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಂಬರ್ ಪ್ಲೇಟ್ ವಿಷಯ ಯಾರ ತಲೆಗೂ ಹೊಳೆದಿರಲಿಲ್ಲ. ಒಂದು ಪೆಟ್ಟಿಗೆ ಮಾಡಿ ಎಲ್ಲಾದರೂ ಇಡೋಣ ಅಂತಿದ್ದೀವಿ. ಒಳಗೆ ಏನಿರಬೇಕು?

ಘಾಟಿ ತಿರುವು

ಕೆಂಪು ತ್ರಿಕೋನ ಎರಡು, ಮಿನುಗೋ ಜಾಕೆಟ್ ಎರಡು, ಟಾರ್ಚ್, ರಬ್ಬರ್ ಗ್ಲೌಸ್ ಹತ್ತು ಜೊತೆ, ಒಗೆದು ಒಣಗಿಸಿದ ಹತ್ತಿ ಬಟ್ಟೆ ಆರು, ಮೂರು ಬೆರಳು ಅಗಲದ ಪಟ್ಟಿ ಎರಡು ಮತ್ತು ಗಟ್ಟಿ ಕಡ್ಡಿ, ಗಿಡ ಸವರೋ ಕತ್ತರಿ, ಮಾರ್ಕರ್ ಪೆನ್ನು, ಎರಡು ಹಳೇ ಬೆಡ್‌ಶೀಟ್. ಬೆಡ್‌ಶೀಟ್ ಗಾಯಾಳುವಿಗೆ ಚಳಿಯಾಗದಂತೆ ಹೊದಿಸೋಕೆ ಒಂದು. ಇನ್ನೊಂದನ್ನ ಇಬ್ಬರು ಎತ್ತಿ ಹಿಡಿದು ಮರೆ ಮಾಡೋಕೆ. ಕ್ಯಾಮೆರಾಕ್ಕೆ ಏನೂ ಕಾಣದಿದ್ರೆ ಅರ್ಧ ಗುಂಪು ಹಾಗೇ ಕರಗುತ್ತೆ.

ಪೆಟ್ಟಿಗೆ ರಾತ್ರಿಯೂ ತೆರೆದಿರೋ ಹೋಟೆಲಲ್ಲಿಡಿ, ಪಂಚಾಯಿತಿ ಕಟ್ಟಡದಲ್ಲಿ ಬೇಡ, ಬೀಗವೂ ಬೇಡ. ಮಳೆಗಾಲ ಮುಗಿದ ಮೇಲೆ ಬಟ್ಟೆ ತೆಗೆದು ಮತ್ತೆ ಒಗೆದು ಹಾಕಿ. ನಿಮ್ಮ ಕಡೆ ಗೊತ್ತಲ್ಲ, ಆಗಸ್ಟ್‌ಗೆಲ್ಲ ಬೂಸಲು ಹಿಡಿದಿರುತ್ತೆ.