ಮನೆಯಿಂದಲೇ ಜಿಮ್ಯಾಟ್ ಬರೆದವರು ಯಾರಾದ್ರೂ ಇದ್ದೀರಾ?

ನಾಗರಭಾವಿ ಸೊಸೆ:
ಎಲ್ಲರಿಗೂ ನಮಸ್ಕಾರ. ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಒಂದು ವರ್ಷದ ಎಂಬಿಎ ಮಾಡುವ ಆಸೆ. ಹೈದರಾಬಾದಿನ ಐಎಸ್‌ಬಿ ಬಿಸಿನೆಸ್ ಸ್ಕೂಲ್, ಇಲ್ಲಾಂದ್ರೆ ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿರುವ ಇಪಿಜಿಪಿ ಅನ್ನೋ ಕೋರ್ಸ್. ಎರಡಕ್ಕೂ ಜಿಮ್ಯಾಟ್ ಅನ್ನೋ ಪ್ರವೇಶ ಪರೀಕ್ಷೆಯ ಅಂಕ ನಡೆಯುತ್ತೆ. ಈ ಪರೀಕ್ಷೆಯನ್ನು ಮನೆಯಲ್ಲೇ ಕೂತು ಬರೆಯಬಹುದಂತೆ. ನಮ್ಮದು ಎರಡು ರೂಮಿನ ಮನೆ. ಅತ್ತೆ, ಮಾವ, ನಾಲ್ಕು ವರ್ಷದ ಮಗ ಇದ್ದಾರೆ. ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ಕನ್ನಡ ಮೀಡಿಯಂ. ಮನೆಯಲ್ಲಿ ಬರೆಯೋದಾ, ಸೆಂಟರ್‌ಗೆ ಹೋಗೋದಾ? ತಯಾರಿ ಎಲ್ಲಿಂದ ಶುರು ಮಾಡಲಿ? ಬರೆದವರು ಹೇಳಿ, ಪ್ಲೀಸ್.

ಬೈಟು ಕಾಫಿ:
ನಾನು ಮನೆಯಲ್ಲೇ ಬರೆದವನು. ಓದಿನ ವಿಷಯ ಬೇರೆಯವರು ಹೇಳ್ತಾರೆ ಬಿಡಿ. ನಾನು ರೂಮಿನ ವಿಷಯ ಹೇಳ್ತೇನೆ, ಯಾಕಂದ್ರೆ ಅದನ್ನ ಯಾರೂ ಹೇಳಲ್ಲ.

ಬಾಗಿಲು ಹಾಕಿದ ರೂಮು ಬೇಕು, ಒಳಗೆ ನೀವೊಬ್ಬರೇ ಇರಬೇಕು. ಮೇಜು ಖಾಲಿ ಇರಬೇಕು. ಎರಡನೇ ಮಾನಿಟರ್ ನಡೆಯಲ್ಲ. ಶುರುವಾಗುವ ಮುಂಚೆ ಫೋನಿನಲ್ಲಿ ನಿಮ್ಮ ಮುಖ, ಪಾಸ್‌ಪೋರ್ಟ್, ರೂಮಿನ ನಾಲ್ಕೂ ಕಡೆ ಫೋಟೊ ತೆಗೆದು ಕಳಿಸಬೇಕು. ಆಮೇಲೆ ಆ ಫೋನನ್ನು ಕೈಗೆ ಸಿಗದಷ್ಟು ದೂರ ಇಡಬೇಕು. ಈ ಚೆಕ್-ಇನ್‌ಗೆ ಹೊತ್ತು ಹಿಡಿಯುತ್ತೆ, ಅರ್ಧ ಗಂಟೆ ಮೊದಲೇ ಕೂತುಬಿಡಿ. ಮುಗಿಯುವವರೆಗೂ ಕ್ಯಾಮೆರಾ, ಮೈಕ್ ಎರಡೂ ಆನ್ ಇರುತ್ತವೆ. ನಡುವೆ ಯಾರಾದರೂ ಒಳಗೆ ಬಂದರೆ ಪರೀಕ್ಷೆ ಅಲ್ಲಿಗೇ ರದ್ದಾಗಬಹುದು. ಪ್ಯಾಸೇಜನ್ನು ಬಾಯಲ್ಲಿ ಗುನುಗುತ್ತಾ ಓದುವ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕಿದೆ, ಅಲ್ವಾ? ಅದೂ ನಡೆಯಲ್ಲ. ಈಗಿಂದಲೇ ಬಿಡಿ.

ಆನ್‌ಲೈನ್ ಸ್ಲಾಟ್ ಹಗಲು ರಾತ್ರಿ ಎರಡೂ ಹೊತ್ತು ಸಿಗುತ್ತೆ. ನಾನು ಬೆಳಗಿನ ಜಾವದ್ದು ತಗೊಂಡೆ. ಕಸದ ಗಾಡಿಯ ಹಾಡು, ಸೊಪ್ಪು ತರಕಾರಿ ಗಾಡಿಯ ಮೈಕು, ಎದುರು ಸೈಟಿನ ಟೈಲ್ಸ್ ಕಟ್ಟಿಂಗು ಶುರುವಾಗೋ ಹೊತ್ತಿಗೆ ನನ್ನದು ಮುಗಿದಿತ್ತು. ಬೇಗ ಏಳುವವರಾದರೆ ಇದಕ್ಕಿಂತ ಒಳ್ಳೆ ಹೊತ್ತಿಲ್ಲ.

ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತೆ, ರೌಟರ್ ನಡೆಯಲ್ಲ. ರೌಟರ್‌ಗೇ ಅಂತ ಸಣ್ಣ ಯುಪಿಎಸ್ ಸಿಗುತ್ತೆ, ತಗೊಳ್ಳಿ. ವೈಫೈ ಬದಲು ಕೇಬಲ್ ಚುಚ್ಚಿ. ಆಫೀಸ್ ಲ್ಯಾಪ್‌ಟಾಪ್ ಮುಟ್ಟಲೇಬೇಡಿ, ಅದರ ಫೈರ್‌ವಾಲ್, ವಿಪಿಎನ್ ಸೇರಿ ಪರೀಕ್ಷೆಯ ಸಾಫ್ಟ್‌ವೇರನ್ನು ತೆರೆಯಲು ಬಿಡಲ್ಲ. ಯಾರದಾದರೂ ಸ್ವಂತ ಲ್ಯಾಪ್‌ಟಾಪ್ ಕೇಳಿ ತಗೊಂಡು, ಅದರಲ್ಲೇ, ಅದೇ ರೂಮಿನಲ್ಲೇ ಸಿಸ್ಟಂ ಟೆಸ್ಟ್ ಮಾಡಿ ನೋಡಿ.

ಲೆಕ್ಕದ ಮೇಷ್ಟ್ರು:
ನಾನು ಪಾಠ ಹೇಳುವವನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ತಾಯಿ, ಮೊದಲನೇ ಮಾತು. ಅವೆನ್ಯೂ ರೋಡಿಗೆ ಹೋಗಿ ಅಗ್ಗಕ್ಕೆ ಸಿಕ್ಕಿತು ಅಂತ ಹಳೇ ಜಿಮ್ಯಾಟ್ ಪುಸ್ತಕ ಹೊತ್ತು ತರಬೇಡಿ. 2023ರ ನವೆಂಬರ್‌ನಿಂದ ಪರೀಕ್ಷೆಯೇ ಬದಲಾಗಿದೆ. 2024ರ ಜನವರಿಗೆ ಹಳೆಯದು ನಿಂತೇ ಹೋಯಿತು. ಹಳೇ ಪುಸ್ತಕದಲ್ಲಿರುವ ಜಾಮೆಟ್ರಿ ಈಗಿಲ್ಲ, ಪ್ರಬಂಧ ಇಲ್ಲ, ಇಂಗ್ಲಿಷ್ ವಾಕ್ಯ ತಿದ್ದುವ ವ್ಯಾಕರಣದ ಪ್ರಶ್ನೆಗಳೂ ಇಲ್ಲ. ಕನ್ನಡ ಮೀಡಿಯಂನವರಿಗೆ ಈ ಕೊನೆಯದು ದೊಡ್ಡ ನಿರಾಳ. ಈಗ ವರ್ಬಲ್ ಅಂದರೆ ಪ್ಯಾಸೇಜ್ ಓದಿ ಉತ್ತರಿಸೋದು ಮತ್ತು ವಾದದಲ್ಲಿ ತಪ್ಪೆಲ್ಲಿದೆ ಅಂತ ಹುಡುಕೋದು, ಅಷ್ಟೇ. ಜಗಳದಲ್ಲಿ ಎದುರಿನವರ ಮಾತಿನ ಎಳೆ ಹಿಡಿಯಲು ಬಂದರೆ ಎರಡನೆಯದು ಬರುತ್ತೆ. ಮೊದಲನೆಯದಕ್ಕೆ ದಿನಾ ಒಂದು ಇಂಗ್ಲಿಷ್ ಲೇಖನ ಓದಿ, ಬೇರೆ ದಾರಿಯಿಲ್ಲ.

ಒಟ್ಟು ಎರಡೂಕಾಲು ಗಂಟೆ. ಕ್ವಾಂಟ್ ಅಂದರೆ ಲೆಕ್ಕ 21 ಪ್ರಶ್ನೆ, ವರ್ಬಲ್ 23, ಡೇಟಾ ಇನ್‌ಸೈಟ್ಸ್ ಅಂದರೆ ಕೊಟ್ಟ ಮಾಹಿತಿ, ಕೋಷ್ಟಕ ನೋಡಿ ಉತ್ತರಿಸೋದು 20. ಮೂರಕ್ಕೂ ತಲಾ 45 ನಿಮಿಷ. ಯಾವುದು ಮೊದಲು ಅನ್ನೋದು ನಿಮ್ಮಿಷ್ಟ. ಕ್ಯಾಲ್ಕುಲೇಟರ್ ಡೇಟಾ ಇನ್‌ಸೈಟ್ಸ್‌ನಲ್ಲಿ ಮಾತ್ರ, ಅದೂ ಪರದೆ ಮೇಲಿನದು.

ಇಂಜಿನಿಯರುಗಳು ಮುಗ್ಗರಿಸೋದು ಈ ಡೇಟಾ ಇನ್‌ಸೈಟ್ಸ್‌ನಲ್ಲಿ. ಅದರಲ್ಲಿ ಡೇಟಾ ಸಫಿಷಿಯೆನ್ಸಿ ಅಂತ ಒಂದು ಬಗೆ. ಉದಾಹರಣೆಗೆ, ಮಗಳ ವಯಸ್ಸೆಷ್ಟು? ಒಂದು, ತಾಯಿಯ ವಯಸ್ಸು ಮಗಳದ್ದರ ನಾಲ್ಕರಷ್ಟು. ಎರಡು, ತಾಯಿಗೆ 28. ನಮ್ಮ ಹುಡುಗರು ತಕ್ಷಣ ಏಳು ಅಂತಾರೆ. ಏಳು ಯಾರಿಗೆ ಬೇಕಾಗಿತ್ತು? ಅವರು ಕೇಳುವುದು, ಒಂದನೇ ಹೇಳಿಕೆಯೊಂದೇ ಸಾಕಾ, ಎರಡನೆಯದೊಂದೇ ಸಾಕಾ, ಎರಡೂ ಸೇರಿದರೆ ಸಾಕಾ, ಸೇರಿದರೂ ಸಾಲದಾ ಅಂತ. ಇಲ್ಲಿ ಎರಡೂ ಸೇರಬೇಕು. ಅಷ್ಟು ಗೊತ್ತಾದ ಕೂಡಲೇ ಮುಂದಿನ ಪ್ರಶ್ನೆಗೆ ಹೋಗಿ. ಲೆಕ್ಕ ಮುಗಿಸದೆ ಎದ್ದು ಬರೋದನ್ನ ಕಲಿಸೋದಕ್ಕೇ ನನಗೆ ವಾರಗಟ್ಟಲೆ ಬೇಕಾಗುತ್ತೆ. ಟೆಸ್ಟಿಂಗ್‌ನವರಿಗೆ ಬೇಗ ಒಗ್ಗಬಹುದು.

ಐಐಎಂ ಪ್ರವೇಶದ ಕ್ಯಾಟ್ ಪರೀಕ್ಷೆಯಲ್ಲಿ ತಪ್ಪಿಗೆ ಅಂಕ ಕಳೀತಾರೆ, ಇಲ್ಲಿ ಕಳೆಯಲ್ಲ. ಆದರೆ ಪ್ರಶ್ನೆ ಉಳಿಸಿ ಬಂದರೆ ಹೊಡೆತ ಬೀಳುತ್ತೆ. ಕೊನೆಯ ನಿಮಿಷದಲ್ಲಿ ಊಹಿಸಿಯಾದರೂ ಎಲ್ಲ ಮುಗಿಸಿ. ಪ್ರತಿ ವಿಭಾಗದ ಕೊನೆಗೆ ಹಿಂದೆ ಹೋಗಿ ಮೂರು ಉತ್ತರದವರೆಗೆ ಬದಲಾಯಿಸಬಹುದು, ಅದೂ ಸಮಯ ಉಳಿದಿದ್ದರೆ.

ಅಧಿಕೃತ ಮಾಕ್ ಟೆಸ್ಟ್ ಎರಡು ಪುಕ್ಕಟೆ ಸಿಗುತ್ತವೆ. ಒಂದನ್ನು ಈಗಲೇ ಬರೆದು ಎಲ್ಲಿದ್ದೀರಿ ನೋಡಿಕೊಳ್ಳಿ. ಇನ್ನೊಂದನ್ನು ಪರೀಕ್ಷೆ ಹತ್ತಿರ ಬಂದಾಗ ಬರೆಯಿರಿ.

ರೌಂಡ್ ಟೂ:
ಮೇಷ್ಟ್ರೇ, ಅಂಕದ ಬಗ್ಗೆ ಒಂದು ಮಾತು ಸೇರಿಸ್ತೇನೆ. ಈಗ ಅಂಕ 205ರಿಂದ 805, ಎಲ್ಲವೂ 5ಕ್ಕೇ ಮುಗಿಯುತ್ತವೆ. ಸೀನಿಯರ್‌ಗಳು ಹೇಳುವ 700 ಹಳೇ ಲೆಕ್ಕ. ಹೊಸದರಲ್ಲಿ 645 ಬಂದರೆ ಹೆಚ್ಚುಕಡಿಮೆ ಅಷ್ಟೇ. ಸುಮ್ನೆ ಹೋಲಿಸಿಕೊಂಡು ಕೊರಗಬೇಡಿ.

ಬೈಟು ಕಾಫಿ:
ವೈಟ್‌ಬೋರ್ಡ್ ಬಗ್ಗೆ ಹೇಳಲೇ ಇಲ್ಲ ನೋಡಿ. ಮನೆಯಲ್ಲಿ ಬರೆಯುವಾಗ ಪೇಪರ್, ಪೆನ್ನು ಬಳಸುವಂತಿಲ್ಲ. ಪರದೆಯ ಮೇಲೆ ಒಂದು ಬೋರ್ಡ್ ಕೊಡ್ತಾರೆ. ಮೌಸ್ ಹಿಡಿದು ಅದರಲ್ಲಿ ಭಾಗಾಕಾರ ಮಾಡೋದು ಯಾರಿಗೂ ಬೇಡ. ನಿಜವಾದ ಬೋರ್ಡ್ ಒಂದು ಇಟ್ಟುಕೊಳ್ಳಬಹುದು, 12 ಇಂಚು ಅಗಲ, 20 ಇಂಚು ಉದ್ದ ಮೀರಬಾರದು. ಮಾರ್ಕರ್ ಎರಡು, ಒರೆಸುವುದು ಒಂದು. ಅಂಗಡಿಗಳಲ್ಲಿ ಒಂದೂವರೆ ಅಡಿ, ಎರಡಡಿಯದ್ದೇ ಜಾಸ್ತಿ ಸಿಗೋದು, ಅದು ಆಗಲ್ಲ. ಟೇಪ್ ಹಿಡಿದು ಅಳತೆ ಮಾಡಿಯೇ ಕೊಳ್ಳಿ.

ತಂದ ದಿನದಿಂದಲೇ ಅದರಲ್ಲೇ ಲೆಕ್ಕ ಮಾಡಿ. ಮಾರ್ಕರ್ ಗೆರೆ ದಪ್ಪ ಬರುತ್ತೆ, ನಾಲ್ಕು ಲೆಕ್ಕಕ್ಕೆ ಬೋರ್ಡ್ ತುಂಬುತ್ತೆ, ಒರೆಸುವಾಗ ಅಂಗೈಯಿಂದ ಬೇಕಾದದ್ದೂ ಹೋಗುತ್ತೆ. ನಾನು ಬೋರ್ಡಿಗೆ ಗೆರೆ ಎಳೆದು ನಾಲ್ಕು ಭಾಗ ಮಾಡಿಕೊಳ್ತಿದ್ದೆ, ಒಂದು ಪ್ರಶ್ನೆಗೆ ಒಂದು ಭಾಗ. ತುಂಬಿದ ಮೇಲೆ ಒಟ್ಟಿಗೆ ಒರೆಸೋದು.

ಇನಿಷಿಯಲ್ ಕಾಟ:
ಅಕ್ಕಾ, ದುಡ್ಡು ಕಟ್ಟುವ ಮುಂಚೆ ಪಾಸ್‌ಪೋರ್ಟ್ ತೆಗೆದು ನೋಡಿ. ಅವಧಿ ಇದೆಯಾ? ಹೆಸರು ಹೇಗಿದೆ? ನಮ್ಮವರ ಕಥೆ ಗೊತ್ತಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಹೆಸರು. ಪ್ಯಾನ್ ಕಾರ್ಡಿನಲ್ಲಿ ಅವೇ ಅಕ್ಷರ ಬಿಡಿಸಿ ಉದ್ದಕ್ಕೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಮದುವೆಯಾದ ಮೇಲೆ ಇನ್ನೊಂದು ಹೆಸರು. ನೋಂದಣಿಯಲ್ಲಿ ಹಾಕುವ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಬೇಕು. ಸರ್‌ನೇಮ್ ಖಾಲಿ ಇದ್ದರೆ ನೀವೇ ಏನೋ ತುಂಬಬೇಡಿ. ಅವರ ಗ್ರಾಹಕ ಸೇವೆಗೆ ಮೇಲ್ ಬರೆದು, ಉತ್ತರ ಬಂದ ಮೇಲೆ ನೋಂದಣಿ ಮಾಡಿ. ನಾನು ಹಾಗೇ ಮಾಡಿದ್ದು.

ಸೆಂಟರ್ ಪಾರ್ಟಿ:
ನಾನು ಉಲ್ಟಾ ಹೇಳ್ತೇನೆ. ನಾಲ್ಕು ವರ್ಷದ ಮಗು ಇರುವ ಎರಡು ರೂಮಿನ ಮನೆಯಲ್ಲಿ ಯಾಕೆ ಈ ಸಾಹಸ? ಟ್ರಾಫಿಕ್ ಉಳಿಯುತ್ತೆ ಅನ್ನೋದು ಒಂದೇ ಕಾರಣವಾದರೆ, ಭಾನುವಾರದ ಬೆಳಗಿನ ಸ್ಲಾಟ್ ತಗೊಳ್ಳಿ, ರಸ್ತೆ ಖಾಲಿ ಇರುತ್ತೆ. ಸೆಂಟರ್‌ನಲ್ಲಿ ನೆಟ್ ಹೋದರೂ ಕರೆಂಟ್ ಹೋದರೂ ತಲೆಬಿಸಿ ಅವರದು. ಬರೆಯೋ ಬೋರ್ಡನ್ನೂ ಅವರೇ ಕೊಡ್ತಾರೆ. ಶುಲ್ಕವೂ ಮನೆಯದಕ್ಕಿಂತ ಸ್ವಲ್ಪ ಕಡಿಮೆ. ಪರೀಕ್ಷೆ ಒಂದೇ, ಅಂಕವೂ ಒಂದೇ.

ನಾಗರಭಾವಿ ಸೊಸೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಾಸ್‌ಪೋರ್ಟ್ ನೋಡಿದೆ, ಸರ್‌ನೇಮ್ ಖಾಲಿ! ಇವತ್ತೇ ಮೇಲ್ ಹಾಕ್ತೇನೆ. ರಾಜಾಜಿನಗರದಲ್ಲಿ ತಂಗಿ ಮನೆ ಇದೆ. ಹಗಲು ಅವರಿಬ್ಬರೂ ಆಫೀಸಿಗೆ ಹೋಗ್ತಾರೆ, ಮನೆ ಖಾಲಿ. ಅಲ್ಲಿ ಬರೆಯಬಹುದಾ? ಮೊದಲ ಸಲ ಅಂಕ ಕಡಿಮೆ ಬಂದರೆ?

ಬೈಟು ಕಾಫಿ:
ಧಾರಾಳವಾಗಿ ಬರೆಯಿರಿ. ಯಾರ ಮನೆ ಅಂತ ಕೇಳಲ್ಲ, ರೂಮು ಸರಿಯಿದ್ದರೆ ಸಾಕು. ಕೆಲಸದವರ ಹತ್ತಿರ ಬೀಗದ ಕೈ ಇದ್ದರೆ ಅವತ್ತು ಬರಬೇಡಿ ಅಂತ ತಂಗಿಯಿಂದ ಹೇಳಿಸಿ. ನಡುವೆ 10 ನಿಮಿಷದ ಬ್ರೇಕ್ ಒಂದು ಸಿಗುತ್ತೆ. ಸರಿಯಾಗಿ ಆ ಹೊತ್ತಿಗೆ ಕೊರಿಯರ್‌ನವನು ಬೆಲ್ ಹೊಡೆದರೆ ಹೋಗಿ ಮಾತಾಡುತ್ತಾ ನಿಲ್ಲಬೇಡಿ, ಮತ್ತೆ ಒಳಗೆ ಬಂದು ಕೂರೋದಕ್ಕೂ ಒಂದೆರಡು ನಿಮಿಷ ಬೇಕು.

ಲೆಕ್ಕದ ಮೇಷ್ಟ್ರು:
ಕಡಿಮೆ ಬಂದರೆ 16 ದಿನ ಬಿಟ್ಟು ಮತ್ತೆ ಬರೆಯಬಹುದು. ಹನ್ನೆರಡು ತಿಂಗಳಲ್ಲಿ ಐದು ಸಲದವರೆಗೆ ಅವಕಾಶ ಇದೆ. ಅಂಕ ಐದು ವರ್ಷ ನಡೆಯುತ್ತೆ. ಹಾಗಾಗಿ ಕಾಲೇಜಿನ ಅರ್ಜಿಯ ಕೊನೇ ದಿನ ನೋಡಿಕೊಂಡು, ಅದಕ್ಕೆ ಒಂದೂವರೆ ತಿಂಗಳು ಮುಂಚೆ ಮೊದಲ ಸಲ ಬರೆಯಿರಿ. ಕೊನೇ ವಾರಕ್ಕೆ ಇಟ್ಟುಕೊಂಡರೆ ಎರಡನೇ ಸಲಕ್ಕೆ ಜಾಗವೇ ಇರಲ್ಲ. ಬೋರ್ಡ್ ತಂದಾಯಿತಾ ತಾಯಿ?